ಬ್ಯಾಕ್‌ಗ್ರೌಂಡ್ ಚಿತ್ರವನ್ನು ಬಾಕ್ಸಿಗೆ ಸರಿಯಾಗಿ ಕೂರಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ವೆಬ್‌ಸೈಟ್ ಮಾಡುವ ಹೆಚ್ಚಿನವರಿಗೆ ಪುಟದ ರೂಪ ಹೇಳುವ ಸಿಎಸ್‌ಎಸ್ ಭಾಷೆಯ ಒಂದು ಸಾಲು ಬಾಯಿಪಾಠ ಆಗಿರುತ್ತದೆ: ‘ಬ್ಯಾಕ್‌ಗ್ರೌಂಡ್-ಸೈಜ್: ಕವರ್’. ಹಾಕಿದ ಕೂಡಲೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾನರ್ ಚೆನ್ನಾಗಿ ತುಂಬಿಕೊಳ್ಳುತ್ತದೆ. ಆಮೇಲೆ ಕ್ಲೈಂಟ್ ಅದನ್ನೇ ಫೋನಿನಲ್ಲಿ ತೆರೆದು "ಇದೇನ್ರೀ, ಬರೀ ಆಕಾಶ ಕಾಣ್ತಿದೆ, ರಥ ಎಲ್ಲಿ ಹೋಯ್ತು?" ಅಂತ ಕೇಳುತ್ತಾರೆ. ಆ ಒಂದು ಸಾಲು ಅರ್ಧ ಕೆಲಸ ಮಾತ್ರ ಮಾಡಿತ್ತು ಅಂತ ಆಗ ಗೊತ್ತಾಗುತ್ತದೆ.

ಚಿತ್ರದ ಆಕಾರ ಒಂದು, ಅದು ಕೂರುವ ಜಾಗದ, ಅಂದರೆ ಬಾಕ್ಸಿನ ಆಕಾರ ಇನ್ನೊಂದು. ಬಾಕ್ಸ್ ಪೂರ್ತಿ ತುಂಬಬೇಕು ಅಂದರೆ ಚಿತ್ರದ ಒಂದು ಭಾಗ ಕತ್ತರಿಸಿ ಹೋಗುತ್ತದೆ. ಚಿತ್ರ ಪೂರ್ತಿ ಕಾಣಬೇಕು ಅಂದರೆ ಬಾಕ್ಸಿನಲ್ಲಿ ಜಾಗ ಖಾಲಿ ಉಳಿಯುತ್ತದೆ. ಎರಡೂ ಬೇಡ ಅಂದರೆ ಚಿತ್ರವನ್ನು ಎಳೆದು ಹಿಗ್ಗಿಸಬೇಕು, ಆಗ ಅದು ವಿಕಾರವಾಗುತ್ತದೆ. ನಾಲ್ಕನೇ ದಾರಿ ಇಲ್ಲ. ಹಾಗಾಗಿ ಕೋಡ್ ಬರೆಯುವ ಮೊದಲೇ ಚಿತ್ರದಲ್ಲಿ ಏನು ಹೋದರೂ ಪರವಾಗಿಲ್ಲ, ಏನು ಹೋಗಲೇಬಾರದು ಅಂತ ತೀರ್ಮಾನ ಮಾಡಿಕೊಳ್ಳಿ. ಕೆಳಗಿನ ಹಂತಗಳೆಲ್ಲ ಆ ತೀರ್ಮಾನವನ್ನು ಬ್ರೌಸರಿಗೆ ಹೇಳುವ ರೀತಿ ಅಷ್ಟೇ.

ಉದಾಹರಣೆಗೆ ಹಂಪಿ ಪ್ರವಾಸದ ಒಂದು ಪುಟ ಇಟ್ಟುಕೊಳ್ಳೋಣ. ಮೇಲ್ಗಡೆ ದೊಡ್ಡ ಬ್ಯಾನರ್. ಅದರ ಹಿಂದೆ ವಿಠಲ ದೇವಸ್ಥಾನದ ಅಂಗಳದ ಫೋಟೋ, ಅಳತೆ 1600×900 ಪಿಕ್ಸೆಲ್. ಕಲ್ಲಿನ ರಥ ಫೋಟೋದ ಬಲಭಾಗದಲ್ಲಿದೆ, ಎಡಭಾಗದಲ್ಲಿ ಖಾಲಿ ಅಂಗಳ ಮತ್ತು ಆಕಾಶ. ಆ ಖಾಲಿ ಜಾಗದ ಮೇಲೆ ಶೀರ್ಷಿಕೆ ಬರಬೇಕು.

ಒಂದು ಮಾತು. ಪ್ರಾಪರ್ಟಿಗಳ (ಸಿಎಸ್‌ಎಸ್ ಆದೇಶಗಳ) ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಿಮ್ಮ ಸಿಎಸ್‌ಎಸ್ ಫೈಲಿನಲ್ಲಿ ಇವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಕ್ಲಾಸ್ ಹೆಸರನ್ನು (ಬಾಕ್ಸಿಗೆ ನೀವೇ ಇಡುವ ಗುರುತಿನ ಹೆಸರು) ಮಾತ್ರ ಕನ್ನಡದಲ್ಲೇ ಇಟ್ಟರೂ ನಡೆಯುತ್ತದೆ, ಬ್ರೌಸರ್‌ಗಳು ತಕರಾರು ಮಾಡುವುದಿಲ್ಲ. ಟೀಮಿನವರು ಮಾಡಬಹುದು.

ಹಂತ 1: ಬಾಕ್ಸಿಗೆ ಎತ್ತರ ಕೊಡಿ

"ಚಿತ್ರ ಕಾಣ್ತಾನೇ ಇಲ್ಲ" ಅನ್ನುವ ದೂರಿಗೆ ತುಂಬಾ ಸಲ ಕಾರಣ ಇದು. ಬ್ಯಾಕ್‌ಗ್ರೌಂಡ್ ಚಿತ್ರ ಬಾಕ್ಸಿಗೆ ಎತ್ತರ ತಂದುಕೊಡುವುದಿಲ್ಲ. ಒಳಗೆ ಏನೂ ಇಲ್ಲದ ಡಿವ್‌ನ (ಪುಟದಲ್ಲಿ ಬಾಕ್ಸ್ ಮಾಡುವ ಎಚ್‌ಟಿಎಂಎಲ್ ಟ್ಯಾಗ್) ಎತ್ತರ ಸೊನ್ನೆ. ಸೊನ್ನೆ ಎತ್ತರದ ಬಾಕ್ಸಿನಲ್ಲಿ ಎಷ್ಟೇ ದೊಡ್ಡ ಚಿತ್ರ ಇದ್ದರೂ ಕಾಣುವುದು ಸೊನ್ನೆಯೇ.

ಎತ್ತರ ಕೊಡುವಾಗ ‘ಹೈಟ್’ ಬೇಡ, ‘ಮಿನ್-ಹೈಟ್’ (ಕನಿಷ್ಠ ಎತ್ತರ) ಕೊಡಿ. ಕನ್ನಡ ಪುಟಗಳಿಗೆ ಇದು ಇನ್ನೂ ಮುಖ್ಯ. ನಮ್ಮ ಪದಗಳು ಉದ್ದ, ಒತ್ತಕ್ಷರಗಳಿಗೋಸ್ಕರ ಸಾಲುಗಳ ನಡುವೆ ಜಾಗವೂ ಜಾಸ್ತಿ ಬೇಕು. ಇಂಗ್ಲಿಷ್‌ನಲ್ಲಿ ಎರಡು ಸಾಲಿಗೆ ಮುಗಿಯುವ ಶೀರ್ಷಿಕೆ ಕನ್ನಡದಲ್ಲಿ, ಅದೂ ಫೋನಿನಲ್ಲಿ, ನಾಲ್ಕು ಸಾಲು ಆಗಬಹುದು. ‘ಹೈಟ್’ ಅಂತ ಬಿಗಿ ಮಾಡಿಟ್ಟರೆ ಅಕ್ಷರಗಳು ಬ್ಯಾನರ್ ದಾಟಿ ಕೆಳಗಿನ ಭಾಗದ ಮೇಲೆ ಬೀಳುತ್ತವೆ. ‘ಮಿನ್-ಹೈಟ್’ ಇದ್ದರೆ ಬಾಕ್ಸ್ ತಾನೇ ಬೆಳೆಯುತ್ತದೆ, ಹಿಂದಿನ ಚಿತ್ರವೂ ಅದರ ಜೊತೆ ಹೊಂದಿಕೊಳ್ಳುತ್ತದೆ.

ಪೂರ್ತಿ ಪರದೆಯಷ್ಟು ಎತ್ತರ ಬೇಕಾದಾಗ ಎಲ್ಲರೂ 100ವಿಎಚ್ (ಪರದೆಯ ಎತ್ತರದ 100%) ಬರೆಯುತ್ತಾರೆ. ಫೋನಿನ ಬ್ರೌಸರ್‌ನಲ್ಲಿ ವಿಳಾಸದ ಪಟ್ಟಿ ಬಂದು ಹೋಗಿ ಮಾಡುತ್ತಿರುತ್ತದಲ್ಲ, ವಿಎಚ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರಿಂದ ಬ್ಯಾನರಿನ ತಳಭಾಗ, ಹೆಚ್ಚಾಗಿ ಅಲ್ಲೇ ಇರುವ ಬಟನ್, ಪರದೆಯ ಕೆಳಗೆ ಸರಿದುಹೋಗುತ್ತದೆ. 2022ರಿಂದ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಎಸ್‌ವಿಎಚ್, ಡಿವಿಎಚ್ ಅನ್ನುವ ಅಳತೆಗಳು ಬಂದಿವೆ. ವಿಳಾಸದ ಪಟ್ಟಿ ಕಾಣುತ್ತಿರುವಾಗ ಉಳಿಯುವ ಎತ್ತರ ಎಸ್‌ವಿಎಚ್. ಡಿವಿಎಚ್ ಸ್ಕ್ರೋಲ್ ಮಾಡಿದಂತೆ ಬದಲಾಗುತ್ತಾ ಹೋಗುತ್ತದೆ. ಬ್ಯಾನರಿಗೆ ನಾನು ಎಸ್‌ವಿಎಚ್ ಬಳಸುತ್ತೇನೆ. ಡಿವಿಎಚ್ ಹಾಕಿದರೆ ಬಾಕ್ಸ್ ಹಿಗ್ಗಿ ಕುಗ್ಗಿದಂತೆಲ್ಲ ಚಿತ್ರವೂ ಜಗ್ಗಿದ ಹಾಗೆ ಕಾಣುತ್ತದೆ, ಕಣ್ಣಿಗೆ ಕಿರಿಕಿರಿ.

ಕಾರ್ಡ್ ತರಹದ ಸಣ್ಣ ಬಾಕ್ಸ್ ಆದರೆ ‘ಆಸ್ಪೆಕ್ಟ್-ರೇಶಿಯೋ: 16 / 9’ ಸಾಕು. 2021ರಿಂದ ಇದು ಎಲ್ಲ ಕಡೆ ನಡೆಯುತ್ತಿದೆ. ಹಳೆಯ ಕೋಡ್‌ಗಳಲ್ಲಿ ಪ್ಯಾಡಿಂಗ್ 56.25% ಅಂತ ವಿಚಿತ್ರ ಅಂಕಿ ನೋಡಿದ್ದೀರಲ್ವಾ? 9 ಭಾಗಿಸು 16 ಮಾಡಿದರೆ ಬರುವುದು ಅದೇ. ಈಗ ಅದರ ಅಗತ್ಯ ಇಲ್ಲ.

ಹಂತ 2: ಚಿತ್ರ ಹಾಕಿ, ಜೊತೆಗೆ ಒಂದು ಬಣ್ಣವನ್ನೂ ಹಾಕಿ

‘ಬ್ಯಾಕ್‌ಗ್ರೌಂಡ್-ಇಮೇಜ್’ನಲ್ಲಿ ಚಿತ್ರದ ದಾರಿ ಕೊಡಿ, ‘ಬ್ಯಾಕ್‌ಗ್ರೌಂಡ್-ರಿಪೀಟ್: ನೋ-ರಿಪೀಟ್’ ಸೇರಿಸಿ. ಇದನ್ನು ಹಾಕದಿದ್ದರೆ ಬ್ರೌಸರ್ ಖಾಲಿ ಜಾಗ ಕಂಡಲ್ಲೆಲ್ಲ ಅದೇ ಚಿತ್ರವನ್ನು ಮತ್ತೆ ಮತ್ತೆ ಜೋಡಿಸುತ್ತದೆ.

ದಾರಿಯ ವಿಷಯದಲ್ಲಿ ಎರಡು ಕಡೆ ಜನ ಎಡವುತ್ತಾರೆ. ಸಿಎಸ್‌ಎಸ್ ಫೈಲಿನೊಳಗೆ ಬರೆದ ದಾರಿ ಆ ಸಿಎಸ್‌ಎಸ್ ಫೈಲ್ ಇರುವ ಫೋಲ್ಡರಿನಿಂದ ಶುರುವಾಗುತ್ತದೆ, ಎಚ್‌ಟಿಎಂಎಲ್ ಪುಟ ಇರುವ ಜಾಗದಿಂದ ಅಲ್ಲ. ಇನ್ನೊಂದು, ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಎರಡೂ ಒಂದೇ, ಹಾಗಾಗಿ ನಿಮ್ಮ ಹತ್ತಿರ ಎಲ್ಲ ಸರಿ ಕಾಣುತ್ತದೆ. ಸರ್ವರ್ ಸಾಮಾನ್ಯವಾಗಿ ಲಿನಕ್ಸ್, ಅಲ್ಲಿ ಎರಡೂ ಬೇರೆ ಬೇರೆ. ಸೈಟ್ ಲೈವ್ ಆದ ಮೇಲೆ ಚಿತ್ರ ಮಾಯ. ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಟ್ಟುಕೊಂಡರೆ ಈ ತಲೆನೋವು ಇಲ್ಲ.

‘ಬ್ಯಾಕ್‌ಗ್ರೌಂಡ್-ಕಲರ್’ ಯಾಕೆ ಅಂದರೆ, ನೆಟ್ ನಿಧಾನ ಇರುವ ಕಡೆ ಚಿತ್ರ ಬರುವ ತನಕ ಬಿಳಿ ಶೀರ್ಷಿಕೆ ಬಿಳಿ ಪುಟದ ಮೇಲೆ ಕಾಣದೆ ಕೂತಿರುತ್ತದೆ. ಫೋಟೋದಲ್ಲಿ ಹೆಚ್ಚಾಗಿ ಇರುವ ಒಂದು ಗಾಢ ಬಣ್ಣ ಆರಿಸಿ ಕೊಡಿ. ಹಂಪಿಯ ಫೋಟೋಗಾದರೆ ಕಲ್ಲಿನ ಕಂದು.

ಹಂತ 3: ಅಳತೆ ಆರಿಸಿ

ಈಗ ‘ಬ್ಯಾಕ್‌ಗ್ರೌಂಡ್-ಸೈಜ್’. 2011ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 9ಕ್ಕೂ ಇದು ಗೊತ್ತಿತ್ತು, ಆದ್ದರಿಂದ ಬ್ರೌಸರ್ ಬೆಂಬಲದ ಚಿಂತೆ ಬಿಡಿ. ಏನೂ ಹೇಳದಿದ್ದರೆ ಇದರ ವ್ಯಾಲ್ಯೂ ‘ಆಟೋ’, ಅಂದರೆ ಚಿತ್ರ ತನ್ನ ಮೂಲ ಅಳತೆಯಲ್ಲೇ ಬರುತ್ತದೆ.

‘ಕವರ್’ ಮತ್ತು ‘ಕಂಟೇನ್’ ಎರಡರ ಲೆಕ್ಕವೂ ಸುಲಭ. ಬಾಕ್ಸಿನ ಅಗಲವನ್ನು ಚಿತ್ರದ ಅಗಲದಿಂದ ಭಾಗಿಸಿ. ಬಾಕ್ಸಿನ ಎತ್ತರವನ್ನು ಚಿತ್ರದ ಎತ್ತರದಿಂದ ಭಾಗಿಸಿ. ಎರಡು ಅಂಕಿ ಸಿಗುತ್ತವೆ. ಕವರ್ ದೊಡ್ಡದನ್ನು ತೆಗೆದುಕೊಳ್ಳುತ್ತದೆ, ಕಂಟೇನ್ ಚಿಕ್ಕದನ್ನು. ಆ ಅಂಕಿಯಿಂದ ಇಡೀ ಚಿತ್ರವನ್ನು ಗುಣಿಸುತ್ತದೆ.

ನಮ್ಮ ಫೋಟೋವನ್ನೇ ಲ್ಯಾಪ್‌ಟಾಪ್‌ನ 1440×500 ಬ್ಯಾನರಿನಲ್ಲಿ ಇಡೋಣ. 1440 ಭಾಗಿಸು 1600 ಅಂದರೆ 0.9. 500 ಭಾಗಿಸು 900 ಅಂದರೆ 0.56. ಕವರ್‌ಗೆ 0.9 ಬೇಕು, ಚಿತ್ರ 1440×810 ಆಗುತ್ತದೆ. ಅಗಲ ಸರಿಯಾಗಿ ಕೂತಿತು, ಎತ್ತರದಲ್ಲಿ 310 ಪಿಕ್ಸೆಲ್ ಕತ್ತರಿಸಿ ಹೋಯಿತು. ಮೇಲೆ ಸ್ವಲ್ಪ ಆಕಾಶ, ಕೆಳಗೆ ಸ್ವಲ್ಪ ನೆಲ. ಯಾರಿಗೂ ಬೇಜಾರಿಲ್ಲ.

ಅದೇ ಫೋಟೋ, 360×640 ಫೋನು. ಈಗ ಅಂಕಿಗಳು 0.225 ಮತ್ತು 0.711. ಕವರ್ 0.711 ಆರಿಸಿ ಚಿತ್ರವನ್ನು ಸುಮಾರು 1138×640 ಮಾಡುತ್ತದೆ. ಅದರಲ್ಲಿ ಕಾಣುವುದು 360 ಪಿಕ್ಸೆಲ್ ಅಗಲ ಮಾತ್ರ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಹೊರಗೆ ಹೋಯಿತು. ರಥ ಹೋಗಿದ್ದು ಇಲ್ಲೇ.

ಕಂಟೇನ್ ಹಾಕಿದ್ದರೆ ಏನಾಗುತ್ತಿತ್ತು? ಚಿತ್ರ 360×202 ಆಗಿ, ಪರದೆಯ ನಡುವೆ ಒಂದು ಪಟ್ಟಿಯಂತೆ ಕೂತು, ಮೇಲೆ ಕೆಳಗೆ ಸೇರಿ 437 ಪಿಕ್ಸೆಲ್ ಖಾಲಿ ಉಳಿಯುತ್ತಿತ್ತು. ಫೋಟೋಗಳಿಗೆ ಕಂಟೇನ್ ಅಪರೂಪಕ್ಕೆ ಬೇಕಾಗುತ್ತದೆ. ಲೋಗೋ, ನಕ್ಷೆ, ಅಂಗಡಿಯ ಸಾಮಾನಿನ ಚಿತ್ರ, ಇಂಥ ಒಂದಿಷ್ಟೂ ಕತ್ತರಿಸಬಾರದ ಜಾಗಕ್ಕೆ ಅದು ಸರಿ.

‘100% 100%’ ಬರೆದರೆ ಚಿತ್ರ ಎರಡೂ ಕಡೆ ಹಿಗ್ಗಿ ಬಾಕ್ಸ್ ತುಂಬುತ್ತದೆ. ಫೋನಿನಲ್ಲಿ ಕಲ್ಲಿನ ರಥ ತೆಳ್ಳಗೆ ಉದ್ದಕ್ಕೆ ನಿಲ್ಲುತ್ತದೆ, ಚಕ್ರಗಳು ಮೊಟ್ಟೆಯ ಆಕಾರಕ್ಕೆ ಬರುತ್ತವೆ. ಫೋಟೋಗೆ ಇದನ್ನು ಎಂದೂ ಬಳಸಬೇಡಿ. ವಿನ್ಯಾಸದ ಗೆರೆ, ಅಲೆಯಂಥ ಅಂಚು, ಕಾಗದದ ಮೇಲ್ಮೈ, ಇಂಥವಕ್ಕೆ ತೊಂದರೆ ಇಲ್ಲ.

ಇನ್ನು ‘100% ಆಟೋ’. ಅಗಲ ಯಾವಾಗಲೂ ಪೂರ್ತಿ, ಎತ್ತರ ಅನುಪಾತಕ್ಕೆ ತಕ್ಕಂತೆ. ಬಾಕ್ಸ್ ಎತ್ತರ ಬೆಳೆದರೆ ಕೆಳಗೆ ಜಾಗ ಖಾಲಿ ಬೀಳುತ್ತದೆ. ಪುಟದ ತಲೆಗೆ ಅಂಟಿಕೊಂಡಿದ್ದು ಕೆಳಗೆ ಬಣ್ಣದಲ್ಲಿ ಕರಗುವಂಥ ಚಿತ್ರಕ್ಕೆ ಇದು ಒಪ್ಪುತ್ತದೆ. ಒಂದೇ ಅಂಕಿ ಬರೆದರೆ, ಉದಾಹರಣೆಗೆ ಬರೀ 50%, ಅದು ಅಗಲಕ್ಕೆ ಸೇರಿದ್ದು. ಎತ್ತರ ಆಟೋ.

ಎಸ್‌ವಿಜಿ ಫೈಲ್ (ಗೆರೆ, ಆಕಾರಗಳ ಲೆಕ್ಕದಿಂದ ಮಾಡಿದ ಚಿತ್ರ) ಬಳಸುವವರು ಒಂದು ನೋಡಿಕೊಳ್ಳಿ. ಅದರೊಳಗೆ ಚಿತ್ರದ ಚೌಕಟ್ಟಿನ ಅಳತೆ ಹೇಳುವ ‘ವ್ಯೂಬಾಕ್ಸ್’ ಇಲ್ಲದಿದ್ದರೆ ಚಿತ್ರ ಸರಿಯಾಗಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಕೆಲವು ಟೂಲ್‌ಗಳು ಫೈಲ್ ಗಾತ್ರ ಇಳಿಸುವ ನೆಪದಲ್ಲಿ ಅದನ್ನೇ ಕಿತ್ತುಹಾಕಿರುತ್ತವೆ.

ಹಂತ 4: ಯಾವ ಭಾಗ ಉಳಿಯಬೇಕು ಅಂತ ಹೇಳಿ

ಇಡೀ ಮಾರ್ಗದರ್ಶಿಯಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ‘ಬ್ಯಾಕ್‌ಗ್ರೌಂಡ್-ಪೊಸಿಶನ್’ನಲ್ಲಿ ಬಹಳಷ್ಟು ಜನ ‘ಸೆಂಟರ್’ ಅಂತ ಬರೆದು ಸುಮ್ನೆ ಮುಂದೆ ಹೋಗುತ್ತಾರೆ. ಮುಖ್ಯ ವಸ್ತು ಚಿತ್ರದ ನಟ್ಟನಡುವೆ ಇದ್ದರೆ ಮಾತ್ರ ಅದು ಸರಿ.

ಇಲ್ಲಿ ಕೊಡುವ ಶೇಕಡಾ ಅಂಕಿಯ ಅರ್ಥ ಹೀಗೆ: 75% ಅಂದರೆ, ಚಿತ್ರದ ಅಗಲದಲ್ಲಿ 75% ದೂರದಲ್ಲಿರುವ ಬಿಂದುವನ್ನು ತಂದು ಬಾಕ್ಸಿನ ಅಗಲದ 75% ದೂರದಲ್ಲಿ ಇಡು. ಚಿತ್ರದ ಬಿಂದು ಮತ್ತು ಬಾಕ್ಸಿನ ಬಿಂದು ಎರಡೂ ಒಂದೇ ಶೇಕಡಾ. ಇದರಿಂದ ದೊಡ್ಡ ಲಾಭ ಇದೆ. ನಿಮ್ಮ ಮುಖ್ಯ ವಸ್ತು ಚಿತ್ರದಲ್ಲಿ ಎಷ್ಟು ಶೇಕಡಾ ದೂರದಲ್ಲಿ ಇದೆಯೋ ಅದೇ ಅಂಕಿಯನ್ನು ಪೊಸಿಶನ್‌ಗೆ ಕೊಟ್ಟರೆ, ಬಾಕ್ಸ್ ಯಾವ ಆಕಾರಕ್ಕೆ ತಿರುಗಿದರೂ ಆ ಬಿಂದು ಬಾಕ್ಸಿನ ಒಳಗೇ ಇರುತ್ತದೆ.

ಅಳೆಯುವುದು ಹೇಗೆ? ಚಿತ್ರವನ್ನು ಯಾವುದಾದರೂ ಎಡಿಟರ್‌ನಲ್ಲಿ ತೆರೆದು ಮೌಸನ್ನು ರಥದ ಮೇಲೆ ಇಡಿ. ಎಡದಿಂದ 1200ನೇ ಪಿಕ್ಸೆಲ್, ಮೇಲಿನಿಂದ 495ನೇ ಪಿಕ್ಸೆಲ್ ಅಂತ ತೋರಿಸಿತು ಅನ್ನಿ. 1200 ಭಾಗಿಸು 1600 ಅಂದರೆ 75%. 495 ಭಾಗಿಸು 900 ಅಂದರೆ 55%. ಹಾಗಾದರೆ ನಮ್ಮ ಸಾಲು:

ಬ್ಯಾಕ್‌ಗ್ರೌಂಡ್-ಪೊಸಿಶನ್: 75% 55%;

ಫೋನಿನಲ್ಲಿ ಪರೀಕ್ಷಿಸೋಣ. ಮೊದಲು ಇದ್ದ ಸೆಂಟರ್‌ನಲ್ಲಿ ಚಿತ್ರದ 34%ರಿಂದ 66% ತನಕದ ಪಟ್ಟಿ ಮಾತ್ರ ಕಾಣುತ್ತಿತ್ತು. 75%ರಲ್ಲಿರುವ ರಥ ಕಾಣಲು ಸಾಧ್ಯವೇ ಇರಲಿಲ್ಲ. ಈಗ 51%ರಿಂದ 83% ತನಕ ಕಾಣುತ್ತದೆ. ರಥದ ನಡುಭಾಗ ಪರದೆಯ ಎಡದಿಂದ 270ನೇ ಪಿಕ್ಸೆಲ್‌ನಲ್ಲಿ ಬಂದು ನಿಂತಿತು.

ಆದರೆ ರಥ ಒಂದು ಬಿಂದು ಅಲ್ಲ, ಅದಕ್ಕೂ ಅಗಲ ಇದೆ. ಫೋಟೋದಲ್ಲಿ ಅದು 1060ರಿಂದ 1340ನೇ ಪಿಕ್ಸೆಲ್ ತನಕ ಹಬ್ಬಿದೆ ಅಂದುಕೊಳ್ಳಿ. ಫೋನಿನಲ್ಲಿ ಅದರ ಅಗಲ ಸುಮಾರು 200 ಪಿಕ್ಸೆಲ್ ಆಗುತ್ತದೆ. ನಡುಭಾಗ 270ರಲ್ಲಿ ಇದ್ದರೆ ಬಲ ಅಂಚು 370ಕ್ಕೆ ಹೋಗುತ್ತದೆ, ಪರದೆ 360ಕ್ಕೇ ಮುಗಿಯಿತು. ಚಕ್ರದ ತುದಿ ಸ್ವಲ್ಪ ಹೋಯಿತು. ಅದಕ್ಕೆ ಅಂಕಿಯನ್ನು ಅಂಚಿನ ಕಡೆಗೆ ಇನ್ನೂ ಸ್ವಲ್ಪ ತಳ್ಳಿ, 80% ಮಾಡಿ. ಈಗ ರಥ 132ರಿಂದ 331ರ ತನಕ, ಎರಡೂ ಕಡೆ ಉಸಿರಾಡಲು ಜಾಗ ಬಿಟ್ಟು ಕೂತಿದೆ. ಪರದೆಯ ಸರಿ ನಡುವೆಯೇ ಬೇಕು ಅಂದರೆ 87% ಹತ್ತಿರ ಹೋಗಬೇಕು. ವಸ್ತು ಬಲಗಡೆ ಇದ್ದರೆ ಅಂಕಿ ಏರಿಸುವುದು, ಎಡಗಡೆ ಇದ್ದರೆ ಇಳಿಸುವುದು.

"ಹಾಗೆ ಮಾಡಿದರೆ ಲ್ಯಾಪ್‌ಟಾಪ್‌ನಲ್ಲಿ ಹಾಳಾಗಲ್ವಾ?" ಇಲ್ಲ. 1440×500 ಬಾಕ್ಸಿನಲ್ಲಿ ಚಿತ್ರದ ಅಗಲ ಬಾಕ್ಸಿನಷ್ಟೇ ಇತ್ತು. ಸರಿಸಲು ಹೆಚ್ಚುವರಿ ಏನೂ ಉಳಿದಿಲ್ಲವಾದ್ದರಿಂದ ಅಡ್ಡ ಅಂಕಿ 0% ಕೊಟ್ಟರೂ 100% ಕೊಟ್ಟರೂ ಒಂದೇ. ಅಲ್ಲಿ ಕೆಲಸ ಮಾಡುವುದು ಎರಡನೇ ಅಂಕಿ, 55%. "ಪೊಸಿಶನ್ ಬದಲಿಸಿದರೂ ಏನೂ ಆಗ್ತಿಲ್ಲ" ಅಂತ ಗೊಣಗುವವರು ನೋಡಬೇಕಾದ್ದು ಇದನ್ನೇ: ಕವರ್‌ನಲ್ಲಿ ಒಂದು ಹೊತ್ತಿಗೆ ಒಂದು ದಿಕ್ಕು ಮಾತ್ರ ಸರಿಯುತ್ತದೆ.

ಈ ಅಂಕಿಗಳನ್ನು ಕಾಗದದಲ್ಲಿ ಕೂತು ಲೆಕ್ಕ ಹಾಕಬೇಕಾಗಿಲ್ಲ. ಕ್ರೋಮ್‌ನ ಡೆವ್‌ಟೂಲ್ಸ್ (ಪುಟದ ಕೋಡನ್ನು ಅಲ್ಲೇ ಬದಲಿಸಿ ನೋಡುವ ಕಿಟಕಿ) ತೆರೆದು, ಶೇಕಡಾ ಅಂಕಿಯ ಮೇಲೆ ಕ್ಲಿಕ್ ಮಾಡಿ, ಕೀಬೋರ್ಡಿನ ಮೇಲ್ಬಾಣ ಕೆಳಬಾಣ ಒತ್ತುತ್ತಾ ಹೋಗಿ. ಒಂದೊಂದೇ ಅಂಕಿ ಬದಲಾಗುತ್ತದೆ, ಚಿತ್ರ ಕಣ್ಣೆದುರೇ ಸರಿಯುತ್ತದೆ. ಶಿಫ್ಟ್ ಒತ್ತಿಹಿಡಿದರೆ ಹತ್ತು ಹತ್ತು ಬದಲಾಗುತ್ತದೆ. ಯಾಕೆ ಸರಿಯುತ್ತಿದೆ ಅಂತ ಗೊತ್ತಿದ್ದರೆ ಈ ಆಟ ಬೇಗ ಮುಗಿಯುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಶ್ರವಣಬೆಳಗೊಳದ ಗೊಮ್ಮಟನ ಉದ್ದನೆಯ ಫೋಟೋ ತೆಗೆದುಕೊಳ್ಳಿ, 1200×1800. ಅದೇ 1440×500 ಬ್ಯಾನರಿಗೆ ಕವರ್ ಹಾಕಿ. ಚಿತ್ರ 1440×2160 ಆಗಿ ಬೆಳೆಯುತ್ತದೆ, ಕಾಣುವುದು 500 ಪಿಕ್ಸೆಲ್, ಅಂದರೆ ಕಾಲು ಭಾಗಕ್ಕಿಂತ ಕಡಿಮೆ. ಸೆಂಟರ್ ಇಟ್ಟರೆ ತಲೆಯೂ ಇಲ್ಲ, ಕಾಲೂ ಇಲ್ಲ, ಬರೀ ಸೊಂಟದ ಭಾಗ ಪುಟದ ತುಂಬ. ಅಂಕಿ ಹೊಂದಿಸಿ ಮುಖವನ್ನು ಒಳಗೆ ತರಬಹುದು. ಆದರೆ ನಿಂತ ಮೂರ್ತಿಯ ಎತ್ತರವೇ ಆ ಫೋಟೋದ ಜೀವ, ಅದು ಯಾವ ಸಿಎಸ್‌ಎಸ್‌ನಿಂದಲೂ ಅಡ್ಡ ಪಟ್ಟಿಯೊಳಗೆ ಬರುವುದಿಲ್ಲ. ಬೇರೆ ಫೋಟೋ ಕೇಳಿ ಪಡೆಯುವುದೇ ದಾರಿ. ಕ್ಲೈಂಟ್ ಹತ್ತಿರ ಮೊದಲ ದಿನವೇ "ಅಡ್ಡ ಒಂದು, ಉದ್ದ ಒಂದು, ಎರಡೂ ಫೋಟೋ ಕೊಡಿ" ಅಂತ ಹೇಳಿಬಿಡಿ.

ಹಂತ 5: ಶಾರ್ಟ್‌ಹ್ಯಾಂಡ್ ಬರೆಯುವಾಗ ಎಚ್ಚರ

ಎಲ್ಲವನ್ನೂ ಒಂದೇ ‘ಬ್ಯಾಕ್‌ಗ್ರೌಂಡ್’ ಸಾಲಿನಲ್ಲಿ ಬರೆಯಬಹುದು. ಪೊಸಿಶನ್ ಮೊದಲು, ಆಮೇಲೆ ಒಂದು ಓರೆಗೆರೆ, ಆಮೇಲೆ ಸೈಜ್: ‘80% 55% / ಕವರ್’. ಓರೆಗೆರೆ ಮರೆತರೆ ಬ್ರೌಸರ್ ಇಡೀ ಸಾಲನ್ನೇ ಬಿಟ್ಟುಬಿಡುತ್ತದೆ.

ಇದಕ್ಕಿಂತ ಕಳ್ಳ ತೊಂದರೆ ಇನ್ನೊಂದು. ಮೇಲೆ ಎಲ್ಲ ಸರಿಯಾಗಿ ಬರೆದಿರುತ್ತೀರಿ. ಕೆಳಗೆ ಮೀಡಿಯಾ ಕ್ವೆರಿಯಲ್ಲಿ (ಪರದೆಯ ಅಳತೆ ನೋಡಿ ಬೇರೆ ನಿಯಮ ಹಾಕುವ ಭಾಗ) ಫೋನಿಗೋಸ್ಕರ ಬರೀ ‘ಬ್ಯಾಕ್‌ಗ್ರೌಂಡ್’ ಅಂತ ಬರೆದು ಹೊಸ ಚಿತ್ರ ಕೊಡುತ್ತೀರಿ. ಆ ಕ್ಷಣವೇ ಸೈಜ್, ಪೊಸಿಶನ್, ರಿಪೀಟ್, ಬಣ್ಣ ಎಲ್ಲವೂ ನೀವು ಏನೂ ಬರೆಯದಿದ್ದಾಗಿನ ಸ್ಥಿತಿಗೆ ಮರಳುತ್ತವೆ. ಕವರ್ ಹೋಯಿತು, ಚಿತ್ರ ಮೂಲ ಅಳತೆಗೆ ಬಂತು. ಚಿತ್ರ ಮಾತ್ರ ಬದಲಿಸುವುದಿದ್ದರೆ ‘ಬ್ಯಾಕ್‌ಗ್ರೌಂಡ್-ಇಮೇಜ್’ ಅಂತಲೇ ಪೂರ್ತಿ ಬರೆಯಿರಿ. ನನ್ನ ಮಟ್ಟಿಗೆ, ಫೋಟೋ ಇರುವ ಬಾಕ್ಸಿಗೆ ಶಾರ್ಟ್‌ಹ್ಯಾಂಡ್ ಬೇಡವೇ ಬೇಡ. ಮೂರು ಸಾಲು ಉಳಿಸಿ ಒಂದು ಗಂಟೆ ಕಳೆದುಕೊಳ್ಳುವ ವ್ಯಾಪಾರ ಅದು.

ಹಂತ 6: ಅಕ್ಷರ ಓದುವಂತೆ ಮಾಡಿ

ಚಿತ್ರ ಹಿಗ್ಗಿ ಕುಗ್ಗಿದಂತೆ ಶೀರ್ಷಿಕೆಯ ಹಿಂದೆ ಏನು ಬರುತ್ತದೆ ಅನ್ನುವುದೂ ಬದಲಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೆರಳಿನ ಮೇಲಿದ್ದ ಬಿಳಿ ಅಕ್ಷರ ಫೋನಿನಲ್ಲಿ ಬಿಸಿಲಿನ ಆಕಾಶದ ಮೇಲೆ ಬಂದು ಕೂರಬಹುದು. ಅದಕ್ಕೆ ನಡುವೆ ಒಂದು ಮಬ್ಬು ಪದರ ಬೇಕು.

ಇಡೀ ಡಿವ್‌ಗೆ ‘ಒಪ್ಯಾಸಿಟಿ’ ಹಾಕಬೇಡಿ, ಚಿತ್ರದ ಜೊತೆ ಅಕ್ಷರಗಳೂ ಮಸುಕಾಗುತ್ತವೆ. ಬದಲಿಗೆ ‘ಬ್ಯಾಕ್‌ಗ್ರೌಂಡ್-ಇಮೇಜ್’ನಲ್ಲೇ ಎರಡು ಪದರ ಕೊಡಿ: ಮೊದಲು ಒಂದು ‘ಲೀನಿಯರ್-ಗ್ರೇಡಿಯಂಟ್’ (ಒಂದು ಬಣ್ಣದಿಂದ ಇನ್ನೊಂದಕ್ಕೆ ಕರಗುವ ಪದರ), ಅಲ್ಪವಿರಾಮ, ಆಮೇಲೆ ಚಿತ್ರ. ಮೊದಲು ಬರೆದದ್ದು ಮೇಲಿನ ಪದರ. ಗ್ರೇಡಿಯಂಟ್‌ನ ಎರಡೂ ಬಣ್ಣ ಅರೆಪಾರದರ್ಶಕ ಕಪ್ಪು ಇರಲಿ. ಲ್ಯಾಪ್‌ಟಾಪ್‌ನಲ್ಲಿ ಎಡದಿಂದ ಬಲಕ್ಕೆ ಕರಗಲಿ, ಫೋನಿನಲ್ಲಿ ಅಕ್ಷರ ಎಲ್ಲಿದೆಯೋ ಆ ಕಡೆ ದಟ್ಟ ಇರಲಿ. ಗ್ರೇಡಿಯಂಟ್‌ಗೆ ತನ್ನದೇ ಅಳತೆ ಇಲ್ಲ, ಆದ್ದರಿಂದ ಕವರ್ ಇದ್ದರೂ ಅದು ಬಾಕ್ಸ್ ಪೂರ್ತಿ ತುಂಬಿಕೊಳ್ಳುತ್ತದೆ.

ಎಷ್ಟು ಗಾಢ ಇರಬೇಕು ಅನ್ನುವುದಕ್ಕೆ ಡಬ್ಲ್ಯುಸಿಎಜಿ (ವೆಬ್ ಪುಟ ಎಲ್ಲರಿಗೂ ಬಳಸಲು ಆಗಬೇಕು ಅನ್ನುವ ಮಾರ್ಗಸೂಚಿ) ನಿಯಮದಲ್ಲಿ ಅಂಕಿ ಇದೆ: ಸಾಮಾನ್ಯ ಅಕ್ಷರಕ್ಕೆ ಹಿನ್ನೆಲೆಯೊಂದಿಗೆ ಕನಿಷ್ಠ 4.5ಕ್ಕೆ 1 ಹೊಳಪಿನ ವ್ಯತ್ಯಾಸ, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಚಿತ್ರದಲ್ಲಿ ಅತಿ ಬೆಳ್ಳಗಿರುವ ಜಾಗದಲ್ಲಿ ಅಳೆಯಿರಿ. ಕನ್ನಡದ ಒತ್ತಕ್ಷರ, ಸೊನ್ನೆಯಂಥ ಸಣ್ಣ ಭಾಗಗಳು ಮೊದಲು ಮಸುಕಾಗುವುದರಿಂದ ಈ ಅಂಕಿಗಿಂತ ಸ್ವಲ್ಪ ಮೇಲೆಯೇ ಇದ್ದರೆ ಒಳ್ಳೆಯದು.

ಹಂತ 7: ಫೋನಿಗೆ ಬೇರೆ ಚಿತ್ರ

ಪೊಸಿಶನ್ ಸರಿ ಮಾಡಿದ ಮೇಲೂ ಇನ್ನೊಂದು ಸಮಸ್ಯೆ ಉಳಿದಿದೆ. ಈಗಿನ ಬಹಳಷ್ಟು ಫೋನುಗಳಲ್ಲಿ ಸಿಎಸ್‌ಎಸ್‌ನ ಒಂದು ಪಿಕ್ಸೆಲ್ ಅಂದರೆ ಪರದೆಯ ಮೂರು ನಿಜವಾದ ಪಿಕ್ಸೆಲ್ ಅಗಲ. ನಮ್ಮ ಚಿತ್ರ 1138×640ಕ್ಕೆ ಹಿಗ್ಗಿತ್ತಲ್ಲ, ಅದು ಪರದೆಯಲ್ಲಿ ಸುಮಾರು 3400 ಪಿಕ್ಸೆಲ್ ಅಗಲ. ನಮ್ಮ ಹತ್ತಿರ ಇರುವುದು 1600. ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿ ಫೋಟೋ ಮಸುಕಾಗುತ್ತದೆ. ಅಷ್ಟೇ ಅಲ್ಲ, ಡೌನ್‌ಲೋಡ್ ಆದದ್ದರಲ್ಲಿ ಮೂರರಲ್ಲಿ ಎರಡು ಭಾಗ ಕಾಣುವುದೇ ಇಲ್ಲ. ಡೇಟಾನೂ ಹಾಳು, ಚಿತ್ರವೂ ಮಸುಕು.

1600×900ಕ್ಕೆ ಇಳಿಸುವ ಮೊದಲಿನ, ಕ್ಯಾಮೆರಾದಿಂದ ಬಂದ ದೊಡ್ಡ ಮೂಲ ಫೋಟೋದಿಂದ ರಥದ ಸುತ್ತ 1080×1920 ಅಳತೆಯ ಉದ್ದನೆಯ ತುಂಡು ಕತ್ತರಿಸಿ. ಅದು 360×640 ಪರದೆಗೆ ಸರಿಯಾಗಿ ಮೂರು ಪಟ್ಟು. ಸಿಎಸ್‌ಎಸ್‌ನಲ್ಲಿ ಈ ಉದ್ದನೆಯ ಚಿತ್ರವನ್ನು ಮೊದಲು ಬರೆಯಿರಿ, ಆಮೇಲೆ ಮೀಡಿಯಾ ಕ್ವೆರಿಯಲ್ಲಿ ‘ಮಿನ್-ವಿಡ್ತ್: 768 ಪಿಕ್ಸೆಲ್’ ದಾಟಿದರೆ ಅಡ್ಡ ಚಿತ್ರ ಅಂತ ಹೇಳಿ. ಬ್ರೌಸರ್ ತನಗೆ ಅನ್ವಯಿಸುವ ಒಂದನ್ನೇ ಇಳಿಸಿಕೊಳ್ಳುತ್ತದೆ. ಚಿತ್ರ ಬದಲಾದಾಗ ಪೊಸಿಶನ್ ಅಂಕಿಯನ್ನೂ ಬದಲಿಸಿ, ಹೊಸ ತುಂಡಿನಲ್ಲಿ ರಥ 80%ರಲ್ಲಿ ಇರುವುದಿಲ್ಲ.

ಫೈಲ್ ಗಾತ್ರ ಚಿಕ್ಕದಿರಲು ಅದು ವೆಬ್‌ಪಿ ಅಥವಾ ಎವಿಐಎಫ್ ರೂಪದಲ್ಲಿ ಇರಲಿ. ಮೇಲೆ ಮಬ್ಬು ಪದರ ಇರುವುದರಿಂದ ಗುಣಮಟ್ಟ ಸ್ವಲ್ಪ ಇಳಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ಬ್ಯಾಕ್‌ಗ್ರೌಂಡ್ ಚಿತ್ರ ಇದೆ ಅಂತ ಬ್ರೌಸರಿಗೆ ತಿಳಿಯುವುದು ಸಿಎಸ್‌ಎಸ್ ಓದಿದ ಮೇಲೆ. ಹಾಗಾಗಿ ತಡವಾಗಿ ಶುರುವಾಗುತ್ತದೆ. ಪುಟದ ಮೊದಲ ನೋಟದಲ್ಲೇ ಇರುವ ಬ್ಯಾನರ್ ಆದರೆ ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿ ಚಿತ್ರವನ್ನು ಮೊದಲೇ ತರಿಸುವ ‘ಪ್ರೀಲೋಡ್’ ಲಿಂಕ್ ಹಾಕಿ, ಎರಡು ಚಿತ್ರ ಇದ್ದರೆ ಪ್ರತಿಯೊಂದಕ್ಕೂ ಅದರ ಮೀಡಿಯಾ ಷರತ್ತು ಸೇರಿಸಿ.

ಹಂತ 8: ಇಡೀ ಪುಟದ ಹಿನ್ನೆಲೆ ಆದರೆ

‘ಬಾಡಿ’ಗೆ (ಪುಟದ ವಿಷಯವೆಲ್ಲ ಇರುವ ಟ್ಯಾಗ್) ಚಿತ್ರ ಕೊಟ್ಟು ಕವರ್ ಹಾಕಿದರೆ ಸಾಕು ಅಂತ ಅನಿಸುತ್ತದೆ. ಆದರೆ ಬಾಡಿಯ ಹಿನ್ನೆಲೆಯನ್ನು ಬ್ರೌಸರ್ ಎತ್ತಿ ಮೂಲ ಎಚ್‌ಟಿಎಂಎಲ್ ಎಲಿಮೆಂಟಿಗೆ ಕೊಡುತ್ತದೆ, ಅಳತೆಯನ್ನೂ ಅದರಿಂದಲೇ ತೆಗೆದುಕೊಳ್ಳುತ್ತದೆ. ಪುಟದಲ್ಲಿ ವಿಷಯ ಕಡಿಮೆ ಇದ್ದರೆ ಚಿತ್ರ ಅರ್ಧಕ್ಕೇ ಮುಗಿದು ಕೆಳಗೆ ಬಿಳಿ ಉಳಿಯುತ್ತದೆ. ಎಚ್‌ಟಿಎಂಎಲ್ ಎಲಿಮೆಂಟಿಗೆ ‘ಮಿನ್-ಹೈಟ್: 100%’ ಕೊಟ್ಟರೆ ಇದು ಸರಿಹೋಗುತ್ತದೆ.

ಪುಟ ಉದ್ದ ಇದ್ದರೆ ಇದರ ಉಲ್ಟಾ. ಫೋನಿನಲ್ಲಿ 5000 ಪಿಕ್ಸೆಲ್ ಉದ್ದದ ಲೇಖನಕ್ಕೆ ನಮ್ಮ ಫೋಟೋ ಕವರ್ ಆದರೆ ಐದೂವರೆ ಪಟ್ಟು ಹಿಗ್ಗಿ ಸುಮಾರು 8900 ಪಿಕ್ಸೆಲ್ ಅಗಲ ಆಗುತ್ತದೆ. ಓದುಗರಿಗೆ ಕಾಣುವುದು ಅದರ ಅಗಲದಲ್ಲಿ 4% ಮಾತ್ರ, ಬರೀ ಬಣ್ಣದ ಕಲೆ.

ಇದಕ್ಕೆ ‘ಬ್ಯಾಕ್‌ಗ್ರೌಂಡ್-ಅಟ್ಯಾಚ್‌ಮೆಂಟ್: ಫಿಕ್ಸ್‌ಡ್’ ಹಾಕಿ ಅಂತ ತುಂಬಾ ಕಡೆ ಬರೆದಿರುತ್ತಾರೆ. ಆಗ ಅಳತೆ ಪರದೆಗೆ ತಕ್ಕಂತೆ ಆಗುತ್ತದೆ ನಿಜ, ಆದರೆ ಐಫೋನ್ ಮತ್ತು ಐಪ್ಯಾಡ್‌ಗಳಲ್ಲಿ ಇದನ್ನು ನಂಬಿ ಕೂರಲು ಆಗುವುದಿಲ್ಲ. ಎಲ್ಲ ಕಡೆ ನಡೆಯುವ ದಾರಿ ಬೇರೆ. ಬಾಡಿಗೆ ‘ಬಿಫೋರ್’ ಅನ್ನುವ ಸೂಡೋ ಎಲಿಮೆಂಟ್ (ಎಚ್‌ಟಿಎಂಎಲ್‌ನಲ್ಲಿ ಬರೆಯದೆ ಸಿಎಸ್‌ಎಸ್‌ನಿಂದಲೇ ಹುಟ್ಟುವ ಬಾಕ್ಸ್) ಮಾಡಿ, ‘ಪೊಸಿಶನ್: ಫಿಕ್ಸ್‌ಡ್’, ‘ಇನ್‌ಸೆಟ್: 0’, ‘ಝಡ್-ಇಂಡೆಕ್ಸ್: -1’ ಕೊಡಿ. ಕಾಣಬೇಕು ಅಂದರೆ ‘ಕಂಟೆಂಟ್’ಗೆ ಖಾಲಿ ಉದ್ಧರಣ ಚಿಹ್ನೆ ಕೊಡುವುದು ಮರೆಯಬೇಡಿ. ಆ ಎಲಿಮೆಂಟಿಗೆ ಚಿತ್ರ ಮತ್ತು ಕವರ್ ಹಾಕಿ. ಪುಟ ಎಷ್ಟೇ ಉದ್ದ ಇರಲಿ, ಚಿತ್ರ ಪರದೆಯಷ್ಟೇ ಇರುತ್ತದೆ.

ಹಂತ 9: ಇದು ನಿಜವಾಗಿ ಬ್ಯಾಕ್‌ಗ್ರೌಂಡ್ ಆಗಬೇಕಾ?

ಚಿತ್ರ ತೆಗೆದುಬಿಟ್ಟರೆ ಪುಟದ ಅರ್ಥ ಕಡಿಮೆ ಆಗುತ್ತದಾ? ಹೌದು ಅಂದರೆ ಅದು ಹಿನ್ನೆಲೆಯ ಅಲಂಕಾರ ಅಲ್ಲ, ವಿಷಯವೇ. ಅದನ್ನು ‘ಇಮೇಜ್’ (img) ಟ್ಯಾಗ್‌ನಲ್ಲೇ ಇಡಿ. ಸ್ಕ್ರೀನ್ ರೀಡರ್ (ಪುಟವನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ಬ್ಯಾಕ್‌ಗ್ರೌಂಡ್ ಚಿತ್ರ ಇದೆ ಅಂತಲೇ ತಿಳಿಯುವುದಿಲ್ಲ. ಪ್ರಿಂಟ್ ತೆಗೆದರೆ ಬ್ರೌಸರ್‌ಗಳು ಸಾಮಾನ್ಯವಾಗಿ ಹಿನ್ನೆಲೆಯನ್ನು ಬಿಟ್ಟೇ ಮುದ್ರಿಸುತ್ತವೆ. ಹೋಟೆಲ್‌ನವರು ಮೆನುವಿನ ಫೋಟೋವನ್ನು ಬ್ಯಾಕ್‌ಗ್ರೌಂಡ್ ಮಾಡಿ, ಆಮೇಲೆ ಪ್ರಿಂಟ್‌ನಲ್ಲಿ ಖಾಲಿ ಹಾಳೆ ಬಂತು ಅನ್ನುವುದು ಇದರಿಂದಲೇ.

ಇಮೇಜ್ ಟ್ಯಾಗ್‌ಗೆ ‘ಆಬ್ಜೆಕ್ಟ್-ಫಿಟ್: ಕವರ್’ ಮತ್ತು ‘ಆಬ್ಜೆಕ್ಟ್-ಪೊಸಿಶನ್’ ಇವೆ. ಲೆಕ್ಕ ಎಲ್ಲ ಅದೇ, ಹಂತ 4ರ ಶೇಕಡಾ ನಿಯಮವೂ ಅದೇ. ಚಿತ್ರಕ್ಕೆ ಅಗಲ 100%, ಎತ್ತರ 100% ಕೊಟ್ಟರೆ ಬಾಕ್ಸ್ ತುಂಬಿಕೊಳ್ಳುತ್ತದೆ. ಜೊತೆಗೆ ‘ಆಲ್ಟ್’ ಬರಹ (ಚಿತ್ರದ ವಿವರಣೆ), ಲೇಜಿ ಲೋಡಿಂಗ್ (ಬೇಕಾದಾಗ ಮಾತ್ರ ಚಿತ್ರ ಇಳಿಸುವುದು), ಬೇರೆ ಬೇರೆ ಅಳತೆಯ ಫೈಲುಗಳನ್ನು ಕೊಡುವ ಸೌಲಭ್ಯ ಎಲ್ಲ ಉಚಿತವಾಗಿ ಸಿಗುತ್ತದೆ. ಹೊಸ ಕೆಲಸಗಳಲ್ಲಿ ಬ್ಯಾನರಿಗೂ ನಾನು ಇದನ್ನೇ ಹೆಚ್ಚು ಆರಿಸುತ್ತೇನೆ.

ಹಂತ 10: ಪರೀಕ್ಷೆ

ಡೆವ್‌ಟೂಲ್ಸ್‌ನ ಮೊಬೈಲ್ ನೋಟದಲ್ಲಿ 360×640, ಆಮೇಲೆ 1366×768, ಆಮೇಲೆ ದೊಡ್ಡ ಮಾನಿಟರಿನ 2560 ಅಗಲ ನೋಡಿ. ಎಲ್ಲರೂ ಬಿಡುವುದು ಫೋನನ್ನು ಅಡ್ಡ ಹಿಡಿದ ಸ್ಥಿತಿ, 640×360. ಅಗಲ 768ಕ್ಕಿಂತ ಕಡಿಮೆ ಇರುವುದರಿಂದ ಅಲ್ಲಿ ಉದ್ದನೆಯ ಚಿತ್ರವೇ ಬರುತ್ತದೆ, ಆದರೆ ಬಾಕ್ಸ್ ಅಡ್ಡ. ಗೊಮ್ಮಟನ ಕಥೆಯೇ ಮತ್ತೆ. ಮೀಡಿಯಾ ಕ್ವೆರಿಯಲ್ಲಿ ಅಗಲದ ಬದಲು ‘ಓರಿಯೆಂಟೇಶನ್: ಲ್ಯಾಂಡ್‌ಸ್ಕೇಪ್’ ಅಂತ ಕೇಳಿದರೆ ಈ ತೊಡಕು ಬಿಡುತ್ತದೆ. ಆಮೇಲೆ ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಏರಿಸಿ ಪುಟ ತೆರೆಯಿರಿ. ಮನೆಯ ಹಿರಿಯರ ಫೋನಿನಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ. ಶೀರ್ಷಿಕೆ ಆರು ಸಾಲಾಗಿ ಬಾಕ್ಸ್ ಎತ್ತರ ಬೆಳೆದಾಗಲೂ ರಥ ಒಳಗೇ ಇದೆಯಾ, ಅಕ್ಷರ ಅದರ ಮೇಲೆ ಬಂದು ಕೂತಿಲ್ಲವಾ ನೋಡಿ. ಕೂತಿದ್ದರೆ ಅಕ್ಷರಗಳನ್ನು ಬಾಕ್ಸಿನ ಕೆಳಗಡೆ ಒತ್ತಿಸಿ, ಪೊಸಿಶನ್‌ನ ಎರಡನೇ ಅಂಕಿಯನ್ನು ಮುಟ್ಟುವುದು ಬೇಡ. ಬಾಕ್ಸ್ ಎತ್ತರವಾದಾಗ ಚಿತ್ರದ ಎತ್ತರ ಬಾಕ್ಸಿನಷ್ಟೇ ಇರುವುದರಿಂದ ಅದು ಅಲ್ಲಿ ಏನೂ ಮಾಡುವುದಿಲ್ಲ.